ಮಣಿಕಟ್ಟಿನ ಮೇಲಿನ ಹೆಸರು

ನನ್ನ ಹೆಸರಿನಲ್ಲಿ ಏಳು ಚಿನ್ನದ ಪದಕಗಳಿವೆ. ಅವುಗಳಲ್ಲಿ ಒಂದನ್ನೂ ನಾನು ಗೆದ್ದಿಲ್ಲ. ಗೆದ್ದವಳು ನನ್ನ ಅಕ್ಕ. ಅವಳ ಹೆಸರು ಯಮನಮ್ಮ, ನನ್ನ ಹೆಸರು ದಾನೇಶ್ವರಿ. ಆದರೆ ಪೇಪರಿನಲ್ಲಿ, ಟೀವಿಯಲ್ಲಿ, ರಾಯಚೂರಿನ ಸ್ಟೇಷನ್ ರಸ್ತೆಯ ಫ್ಲೆಕ್ಸುಗಳಲ್ಲಿ ಕೈ ಮೇಲೆತ್ತಿ ನಿಂತ ಬಾಕ್ಸರ್ ದಾನೇಶ್ವರಿ ಅವಳೇ. ನಾನು ಹನ್ನೆರಡು ವರ್ಷದಿಂದ ಕಾಗದದ ಮೇಲೆ ಯಮನಮ್ಮ. ಕಾಗದದ ಪ್ರಕಾರ, ತಂಗಿಯಾದ ನಾನು ಅಕ್ಕನಿಗಿಂತ ಎರಡು ವರ್ಷ ದೊಡ್ಡವಳು. ಇದನ್ನು ಕೇಳಿ ನಗು ಬಂದರೆ ನಕ್ಕುಬಿಡಿ, ಮೊದಮೊದಲು ನಾನೂ ನಕ್ಕಿದ್ದೇನೆ.

ನಮ್ಮದು ದೇವದುರ್ಗದ ಮಗ್ಗುಲ ಹಳ್ಳಿ. ಅಪ್ಪ ಗದ್ದೆಪ್ಪ ಕುರಿ ಹಿಂಡಿನ ಹಿಂದೆ ವರ್ಷದ ಎಂಟು ತಿಂಗಳು ತಿರುಗುತ್ತಿದ್ದ, ನಾವೂ ಅವನ ಹಿಂದೆ. ಹಾಗಾಗಿ ಇಬ್ಬರನ್ನೂ ತಡವಾಗಿ, ಒಂದೇ ದಿನ, ಒಂದೇ ತರಗತಿಗೆ ಸೇರಿಸಿದರು. ಹುಟ್ಟಿದ ದಿನ ಯಾವುದು ಎಂದು ಹೆಡ್ ಮಾಸ್ತರರು ಕೇಳಿದಾಗ ಅಪ್ಪ ತಲೆ ಕೆರೆದುಕೊಂಡ. ಯಾವ ಕುರಿ ಯಾವಾಗ ಈದಿತ್ತು ಎಂಬುದು ಅವನಿಗೆ ನೆನಪಿತ್ತು, ನಾವು ಯಾವಾಗ ಹುಟ್ಟಿದೆವು ಎಂಬುದು ನೆನಪಿರಲಿಲ್ಲ. ಮಾಸ್ತರರು ಎಲ್ಲ ಮಕ್ಕಳಿಗೆ ಬರೆಯುವಂತೆ ನಮಗೂ ಜೂನ್ ಒಂದು ಎಂದು ಬರೆದರು. ನಡುವೆ ಎರಡು ವರ್ಷದ ಅಂತರ ಇಟ್ಟರು. ಅಕ್ಕನಿಗೆ ಅಜ್ಜಿಯ ಹೆಸರು ಬಂದಿತ್ತು, ನನಗೆ ಆಗಿನ ಕಾಲದ ಹೊಸ ಹೆಸರು. ಹುಡುಗರು ಅವಳನ್ನು ಯಮ, ಯಮ ಎಂದು ಕಾಡಿಸುತ್ತಿದ್ದರು. ಅವಳು ಹಿಡಿದು ಬಡಿಯುತ್ತಿದ್ದಳು.

ಶಾಲೆಗೆ ಸೇರಿಸುವ ಮೊದಲು ಅವ್ವ ನಮ್ಮಿಬ್ಬರನ್ನು ನೀರಮಾನ್ವಿಯ ಎಲ್ಲಮ್ಮನ ಗುಡಿಗೆ ಕರೆದುಕೊಂಡು ಹೋಗಿದ್ದಳು. ಗುಡಿಯ ಹೊರಗೆ ಮಶೀನಿನಿಂದ ಹಚ್ಚೆ ಹಾಕುವವನೊಬ್ಬ ಕುಳಿತಿದ್ದ. ಅವ್ವ ಇಬ್ಬರ ಎಡಗೈಯನ್ನೂ ಅವನ ಮುಂದೆ ಚಾಚಿಸಿ, ಮಣಿಕಟ್ಟಿನ ಒಳಭಾಗದಲ್ಲಿ ಅವರವರ ಹೆಸರು ಬರೆಸಿದಳು.

"ಕುರಿ ಹಿಂದ ತಿರಗೋ ಮಕ್ಳು. ಎಲ್ಲೆರ ತಪ್ಪಿಸ್ಕೊಂಡ್ರ ಯಾರಂತ ಗೊತ್ತಾಗಬೇಕಲ್ಲ" ಎಂದಿದ್ದಳು. ನಾನು ಅತ್ತು ಊರು ಒಂದು ಮಾಡಿದ್ದೆ, ಅಕ್ಕ ಹಲ್ಲು ಕಚ್ಚಿ ಕುಳಿತಿದ್ದಳು.

ಏಳನೇ ತರಗತಿಗೆ ಬಂದಾಗ ನಾವು ಓದುತ್ತಿದ್ದ ದೇವದುರ್ಗದ ಶಾಲೆಗೆ ಪಂಪಾಪತಿ ಎಂಬ ಪಿ.ಟಿ. ಮಾಸ್ತರರು ವರ್ಗವಾಗಿ ಬಂದರು. ಬೇರೆ ಮಾಸ್ತರರು ಖೋ-ಖೋ, ಕಬಡ್ಡಿ ಎಂದರೆ ಇವರು ಬಾಕ್ಸಿಂಗ್ ಎಂದರು. ಸಿರವಾರದ ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ತರಿಸಿ, ಗೋಣಿಚೀಲಕ್ಕೆ ತುಂಬಿ, ಶಾಲೆಯ ಬೇವಿನ ಮರಕ್ಕೆ ನೇತುಹಾಕಿದರು. ಕೈಗೆ ಸುತ್ತುವ ಪಟ್ಟಿಗೆ ಅಪ್ಪನ ಹಳೆಯ ಧೋತರ ಹರಿದೆವು. ಆ ಚೀಲಕ್ಕೆ ಗುದ್ದಿದರೆ ಹೊಟ್ಟು ಉದುರಿ ಮೈಯೆಲ್ಲ ನವೆ. ಆದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಾವಿಬ್ಬರು ಅಲ್ಲಿರುತ್ತಿದ್ದೆವು.

ಇದನ್ನು ಹೇಳಿಯೇ ಮುಂದೆ ಹೋಗಬೇಕು: ನಮ್ಮಿಬ್ಬರಲ್ಲಿ ಚಲೋ ಆಡುತ್ತಿದ್ದವಳು ನಾನು. ಜಂಬಕ್ಕೆ ಹೇಳುತ್ತಿಲ್ಲ. ಪಂಪಾಪತಿ ಮಾಸ್ತರರೇ ಎಲ್ಲರ ಎದುರಿಗೆ, "ದಾನಿ ಎಡಗೈ ನೋಡ್ರಲೇ, ಹೋಗಿದ್ದೂ ಕಾಣಂಗಿಲ್ಲ, ಬಂದಿದ್ದೂ ಕಾಣಂಗಿಲ್ಲ" ಎನ್ನುತ್ತಿದ್ದರು. ಅಕ್ಕನದು ಬರೀ ಬಲ. ಹದಿನೈದು ವರ್ಷದ ಹುಡುಗಿ, ಕುರಿಮರಿಯನ್ನು ಹೆಗಲ ಮೇಲೆ ಹೊತ್ತು ಬೆಳೆದವಳು, ಗುದ್ದಿದರೆ ಎದುರಿಗಿದ್ದವರು ಕುಳಿತುಬಿಡುತ್ತಿದ್ದರು.

ಆ ವರ್ಷ ರಾಜ್ಯಮಟ್ಟದ ಕಿರಿಯರ ಪಂದ್ಯ ಬಂತು. ಅಕ್ಕ ವಯಸ್ಸಿನ ಮಿತಿಯನ್ನು ಆರು ತಿಂಗಳ ಹಿಂದೆಯೇ ದಾಟಿದ್ದಳು. ನನಗೆ ಹದಿಮೂರು, ನಾನು ಆಡಬಹುದಿತ್ತು. ಮಾಸ್ತರರು ಎರಡು ದಿನ ಲೆಕ್ಕ ಹಾಕಿದರು. ದಾನಿ ಹೋದರೆ ಚಲೋ ಆಡುತ್ತಾಳೆ, ಗೆಲ್ಲುವುದು ಖಾತ್ರಿಯಿಲ್ಲ. ಯಮನಮ್ಮ ತನಗಿಂತ ಎರಡು ವರ್ಷ ಚಿಕ್ಕ ಹುಡುಗಿಯರ ಜೊತೆ ಆಡಿದರೆ ಪದಕ ಖಾತ್ರಿ. ಪದಕ ಬಂದರೆ ತನಗೂ ಹೆಸರು, ಬೇಕಾದ ಊರಿಗೆ ವರ್ಗ. ನನ್ನನ್ನು ಬೇವಿನ ಮರದ ಕೆಳಗೆ ಕರೆದರು.

"ಎರಡ ದಿನದ ಮಾತು ದಾನಿ. ನಿನ್ನ ಸರ್ಟಿಫಿಕೇಟ್ ಮ್ಯಾಲ ಯಮನಿ ಆಡ್ತಾಳ. ನಿನ್ನ ಹೆಸರೇನು ಸವದು ಹೋಗತದೇನು? ಮುಂದಿನ ವರ್ಷ ನೀನ ಆಡಾಕಿ."

ಅಕ್ಕ ರಾತ್ರಿ ಊಟಕ್ಕೆ ಕುಳಿತಾಗ ತನ್ನ ತಾಟಿನ ಬೆಲ್ಲದ ಚೂರನ್ನು ನನ್ನ ತಾಟಿಗೆ ಹಾಕಿದಳು. "ಎರಡ ದಿನ ಕೊಡಬೇ. ಬಂದ ಕೂಡ್ಲೆ ನಿನ್ನ ಹೆಸರು ನಿನಗ" ಎಂದಳು. ಕೊಟ್ಟೆ. ಯಾರೂ ನನ್ನ ಕೈ ತಿರುವಿ ಕಸಿದುಕೊಳ್ಳಲಿಲ್ಲ, ನಾನೇ ಕೊಟ್ಟೆ. ಈಗಲೂ ಅದೇ ನನಗೆ ಹೆಚ್ಚು ಉರಿಸುತ್ತದೆ.

ಹಚ್ಚೆಯ ಬಗ್ಗೆ ಮಾಸ್ತರರಿಗೆ ಭಯವೇ ಇರಲಿಲ್ಲ. ಬಾಕ್ಸರ್ ಕೈಗೆ ಪಟ್ಟಿ ಸುತ್ತುವಾಗ ಮಣಿಕಟ್ಟಿನಿಂದಲೇ ಶುರು ಮಾಡುತ್ತಾರೆ, ನಾಲ್ಕು ಸುತ್ತು ಬಿದ್ದರೆ ಅಲ್ಲಿ ಏನು ಬರೆದಿದೆ ಎಂದು ದೇವರಿಗೂ ಕಾಣುವುದಿಲ್ಲ. ತೂಕ ನೋಡುವಾಗ ಮಾಸ್ತರರು ತಮ್ಮ ಅಗಲ ಪಟ್ಟಿಯ ಗಡಿಯಾರವನ್ನು ಅವಳ ಕೈಗೆ ಕಟ್ಟಿದರು. ಅಕ್ಕ ಚಿನ್ನ ಗೆದ್ದಳು. ಪ್ರಮಾಣಪತ್ರದ ಮೇಲೆ ದಪ್ಪ ಅಕ್ಷರದಲ್ಲಿ ದಾನೇಶ್ವರಿ ತಂದೆ ಗದ್ದೆಪ್ಪ ಎಂದಿತ್ತು. ಅದನ್ನು ನೋಡಿ ರಾಯಚೂರಿನ ಕ್ರೀಡಾ ಹಾಸ್ಟೆಲಿನವರು ಸೀಟು ಕೊಟ್ಟರು. ಮಾಸ್ತರರು ದಾನೇಶ್ವರಿಯ ಟಿ.ಸಿ. ತೆಗೆಸಿ ಅಕ್ಕನ ಕೈಗೆ ಕೊಟ್ಟರು. ಶಾಲೆಯ ಹಾಜರಿಯಲ್ಲಿ ಉಳಿದದ್ದು ಯಮನಮ್ಮ. ಮಾಸ್ತರರು ಶಾಲೆಯಲ್ಲಿ ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದರು. ಮರುದಿನ ಸರ್ ಯಮನಮ್ಮ ಎಂದು ಹಾಜರಿ ಕರೆದಾಗ ನಾನು ಸುಮ್ಮನೆ ಕುಳಿತಿದ್ದೆ. ಪಕ್ಕದ ಹುಡುಗಿ ತಿವಿದಳು. ಎಸ್ ಸರ್ ಎಂದೆ.

ಮುಂದಿನ ವರ್ಷ ನಾನು ಆಡಿದೆ, ಯಮನಮ್ಮನಾಗಿ. ಕಾಗದದಲ್ಲಿ ನನಗೆ ಹದಿನಾರು. ಎದುರಿಗೆ ಬಂದವಳು ನಿಜವಾಗಿ ಹದಿನಾರಿನವಳು, ನಾಲ್ಕು ವರ್ಷ ರಿಂಗಿನಲ್ಲಿ ಪಳಗಿದವಳು. ತೂಕ ಇಬ್ಬರದೂ ಒಂದೇ, ಮೂಳೆ ಒಂದೇ ಅಲ್ಲ. ಎರಡನೇ ಸುತ್ತಿನಲ್ಲಿ ನನ್ನ ಮೂಗು ಮುರಿಯಿತು. ರಕ್ತ ಒರೆಸುತ್ತ ಪಂಪಾಪತಿ ಮಾಸ್ತರರು, "ನಿನಗ ದಮ್ ಸಾಲಂಗಿಲ್ಲ ಬಿಡು" ಎಂದರು. ಆ ಮಾತಿಗೆ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ. ಆರು ತಿಂಗಳಲ್ಲಿ ಅವರಿಗೆ ಬೇಕಾದ ಊರಿಗೆ ವರ್ಗವಾಯಿತು, ಬೇವಿನ ಮರದ ಚೀಲವನ್ನು ಇಲಿ ಕಡಿದವು.

ರಾಯಚೂರಿನಲ್ಲಿ ಅಕ್ಕನಿಗೆ ಸಿಕ್ಕ ಗುರು ಜಿಲಾನಿ ಪಾಷಾ. ರೈಲ್ವೆಯಲ್ಲಿ ಬಾಕ್ಸರ್ ಆಗಿ ನಿವೃತ್ತರಾದ ಹಿರಿಯರು, ಗಡ್ಡ ಬಿಳಿ, ಕೈ ಬೆರಳು ಒಂದೂ ನೆಟ್ಟಗಿರಲಿಲ್ಲ. ಅವರದೊಂದು ಪದ್ಧತಿ. ಶಿಷ್ಯರು ತಮ್ಮ ಕೈಗೆ ತಾವೇ ಪಟ್ಟಿ ಕಟ್ಟಿಕೊಳ್ಳುವಂತಿಲ್ಲ. ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ತಾವು ಕುಳಿತು, ಒಬ್ಬೊಬ್ಬರ ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕಟ್ಟುತ್ತಿದ್ದರು. ಅಕ್ಕನ ಮೊದಲ ದಿನ ನಾನೂ ಅಲ್ಲಿದ್ದೆ, ಅವ್ವ ಕೊಟ್ಟ ರೊಟ್ಟಿ ಗಂಟು ತಂದಿದ್ದೆ. ಪಾಷಾ ಸಾಹೇಬರು ಅವಳ ಎಡಗೈಯನ್ನು ಮಗುಚಿದರು. ಹಸಿರು ಅಕ್ಷರ ಕಂಡಿತು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು, ನನ್ನ ಮಣಿಕಟ್ಟನ್ನೂ ನೋಡಿದರು. ನಾನು ಕೈಯನ್ನು ಲಂಗದ ಹಿಂದೆ ಸರಿಸಿದೆ. ಅವರು ಪಟ್ಟಿಯ ಮೊದಲ ಸುತ್ತನ್ನು ಆ ಹೆಸರಿನ ಮೇಲೆ ಹಾಕಿ ಕಟ್ಟಿಬಿಟ್ಟರು.

ಮೂರು ವರ್ಷ ಹಾಗೆಯೇ ಕಟ್ಟಿದರು. ಅಕ್ಕನ ಬರೀ ಬಲವನ್ನು ಆಟವಾಗಿ ತಿದ್ದಿದವರು ಅವರೇ. ಗುದ್ದುವುದನ್ನು ಆರು ತಿಂಗಳು ಬಿಡಿಸಿದರು. ನೆಲದ ಮೇಲೆ ಸುಣ್ಣದ ಗೆರೆ ಎಳೆದು ಬರೀ ಕಾಲು ಹಾಕುವುದನ್ನು ಕಲಿಸಿದರು. ಅಕ್ಕ ಸಿಟ್ಟಾಗುತ್ತಿದ್ದಳು, ಅಳುತ್ತಿದ್ದಳು, ಕೊನೆಗೆ ಕಲಿತಳು. ಈಗ ಟೀವಿಯವರು ಅವಳ ಕಾಲಿನ ಚುರುಕನ್ನು ಹೊಗಳುವಾಗ ನನಗೆ ಆ ಸುಣ್ಣದ ಗೆರೆ ಕಾಣುತ್ತದೆ.

ಕಿರಿಯರ ರಾಷ್ಟ್ರೀಯ ಪಂದ್ಯಕ್ಕೆ ಹೆಸರು ಕಳಿಸುವ ಹೊತ್ತಿಗೆ ಸಾಹೇಬರು ನಮ್ಮಿಬ್ಬರನ್ನೂ ಕೂರಿಸಿ ಬಾಯಿಬಿಟ್ಟರು. "ಬೇಟಾ, ಈಗ ಸರಿ ಮಾಡ್ಕೊ. ತಪ್ಪಾಗ್ಯದ ಅಂತ ನಾನ ಬರದು ಕೊಡ್ತೀನಿ. ಎರಡು ವರ್ಷ ಹೊರಗ ಇಡ್ತಾರ, ಇಡಲಿ ಬಿಡು. ನಿನ್ನ ಕಾಲಾಗ ಆಟ ಅದ, ನಿನ್ನ ಹೆಸರೀಲೇ ಗೆಲ್ತಿ. ಈ ಚಿಕ್ಕಾಕಿ ಹೆಸರು ಇಕಿಗೆ ಕೊಟ್ಟುಬಿಡು."

ಅಕ್ಕ ಅವರ ಕಾಲು ಮುಟ್ಟಿ ಅತ್ತಳು. ಹೂಂ ಎಂದಳು. ಎಂಟು ದಿನದಲ್ಲಿ ಹಾಸ್ಟೆಲ್ ಬಿಟ್ಟು ಅಂಬರೀಶ ಎಂಬ ಕೋಚಿನ ಕ್ಯಾಂಪಿಗೆ ಹೋಗಿ ಸೇರಿಕೊಂಡಳು. ಪಾಷಾ ಸಾಹೇಬರಿಗೆ ಹೇಳಲೂ ಇಲ್ಲ. ಅವರೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಜನ ಅದನ್ನು ದೊಡ್ಡತನ ಎನ್ನಬಹುದು. ನನಗೆ ಹಾಗನ್ನಿಸಿಲ್ಲ. ಅವರು ಸುಮ್ಮನಿದ್ದುದು ಶಿಷ್ಯೆಯ ಮೇಲಿನ ಮಮತೆಗೆ, ಅದರ ಬೆಲೆ ತೆತ್ತವಳು ನಾನು.

ಅಂಬರೀಶ ಬೇರೆಯೇ ಕಾಲದ ಮನುಷ್ಯ. ಎದುರಾಳಿಯ ವಿಡಿಯೋ ನೋಡಿ, ಯಾವ ಸುತ್ತಿನಲ್ಲಿ ಎಷ್ಟು ಹೊಡೆತ, ಯಾವಾಗ ಹಿಂದೆ ಸರಿಯಬೇಕು ಎಂದೆಲ್ಲ ತಿಳಿದವನು. ಅವನು ಕಲಿಸಿದ್ದು ಸುಳ್ಳಲ್ಲ, ಅವನಿಲ್ಲದೆ ಅಕ್ಕ ದೇಶಕ್ಕೆ ಮೊದಲಿಗಳಾಗುತ್ತಿರಲಿಲ್ಲ. ಆದರೆ ಪಟ್ಟಿಯ ಕೆಳಗೆ ಬಚ್ಚಿಡುವುದರಲ್ಲಿ ಅವನಿಗೆ ನಂಬಿಕೆ ಇರಲಿಲ್ಲ. ಅಕ್ಕನನ್ನು ದೊಡ್ಡ ಟ್ಯಾಟೂ ಅಂಗಡಿಗೆ ಕರೆದೊಯ್ದು ಹಳೆಯ ಹಚ್ಚೆಯ ಮೇಲೆ ಕಪ್ಪು ಹುಲಿಯ ಮುಖ ಹಾಕಿಸಿದ. ಯಮನಮ್ಮ ಹುಲಿಯ ಬಾಯೊಳಗೆ ಹೋದಳು. ಪೇಪರಿನವರಿಗೆ ಆ ಹುಲಿ ಬಹಳ ಹಿಡಿಸಿತು.

ಎರಡು ದಿನ ಎಂದವಳು ಆಮೇಲೆ ಒಂದು ವರ್ಷ ಎಂದಳು. ನೌಕರಿ ಸಿಗಲಿ ಎಂದಳು. ನೌಕರಿ ಸಿಕ್ಕಿತು, ಕಾಯಂ ಆಗಲಿ ಎಂದಳು. ನಾನು ಮಾನ್ವಿಗೆ ಬಂದು ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆದೆ. ಬೆಳಿಗ್ಗೆ ರೈಸ್ ಮಿಲ್ಲಿನ ಭತ್ತ ಒಣಗಿಸುವ ಅಂಗಳದಲ್ಲಿ ಹತ್ತು ಹುಡುಗಿಯರಿಗೆ ಬಾಕ್ಸಿಂಗ್ ಕಲಿಸುತ್ತೇನೆ. ಅವರು ನನ್ನನ್ನು ಯಮನಮ್ಮ ಮಿಸ್ ಎನ್ನುತ್ತಾರೆ. ಬಿಸಿಲಿಗೂ ತುಂಬುತೋಳಿನ ಅಂಗಿ ಹಾಕುತ್ತೇನೆ. ಅಕ್ಕ ಊರಿಗೆ ಬಂದಾಗ ನಾಲ್ಕು ಜನರ ಎದುರಿಗೆ ನಾನು ಅವಳನ್ನು ದಾನಿ ಎಂದು ಕರೆಯಬೇಕು, ಅವಳು ನನ್ನನ್ನು ಅಕ್ಕಾ ಎನ್ನುತ್ತಾಳೆ. ಬರಬರುತ್ತ ಮನೆಯೊಳಗೂ ಅದೇ ರೂಢಿಯಾಯಿತು. ಹನ್ನೆರಡು ವರ್ಷದಲ್ಲಿ ಅವಳ ಬಾಯಿಂದ ನನ್ನ ಹೆಸರು ಕೇಳಿದ ನೆನಪೇ ಇಲ್ಲ. ನನಗೆ ಪದಕ ಬೇಡವಾಗಿತ್ತು, ಫ್ಲೆಕ್ಸ್ ಬೇಡವಾಗಿತ್ತು. ನನ್ನ ಹೆಸರು ನನಗೆ ಬೇಕಿತ್ತು, ಅಷ್ಟೇ.

ಹೋದ ತಿಂಗಳು ಬಾಕ್ಸಿಂಗ್ ಸಂಘಕ್ಕೆ ಸಹಿ ಇಲ್ಲದ ಅರ್ಜಿಯೊಂದು ಹೋಯಿತು. ಬಾಕ್ಸರ್ ದಾನೇಶ್ವರಿ ಆಡುತ್ತಿರುವುದು ತಂಗಿಯ ಹೆಸರಿನಲ್ಲಿ, ನಿಜವಾದ ದಾನೇಶ್ವರಿಯ ಎಡಗೈ ನೋಡಿ ಎಂದು ಅದರಲ್ಲಿತ್ತು. ವಿಚಾರಣೆಗೆ ಅಧಿಕಾರಿಯೊಬ್ಬರು ಮಾನ್ವಿಗೇ ಬರುವುದಾಯಿತು. ಅದಕ್ಕೆ ನಾಲ್ಕು ದಿನ ಮೊದಲು ಅಕ್ಕ ಮತ್ತು ಅಂಬರೀಶ ಕಾರಿನಲ್ಲಿ ನನ್ನ ಮನೆಗೆ ಬಂದರು.

ಅಂಬರೀಶ ಚಹಾ ಮುಟ್ಟಲಿಲ್ಲ. "ರಾಯಚೂರಾಗ ಚರ್ಮದ ಡಾಕ್ಟರು ಗೊತ್ತಿದ್ದಾರ. ಲೇಸರ್ ಮಾಡಿ ಹಚ್ಚಿ ತೆಗಸ್ತಾರ. ಇವತ್ತ ಹೋಗೋಣು ನಡೀರಿ" ಎಂದ.

"ನೀನ ಬರದಿಯೇನು ಅರ್ಜಿ?" ಅಕ್ಕ ನೆಲ ನೋಡುತ್ತ ಕೇಳಿದಳು.

ಆ ಪ್ರಶ್ನೆ ಮೂಗಿನ ಮೇಲೆ ಬಿದ್ದ ಹೊಡೆತಕ್ಕಿಂತ ಜೋರಾಗಿತ್ತು. "ಬರಿಯೋದಿದ್ರ ಹನ್ನೆರಡು ವರ್ಷ ಯಾಕ ಕಾಯ್ತಿದ್ದೆ? ನಾ ಬರದಿಲ್ಲ. ಹಚ್ಚಿ ತೆಗಸಂಗಿಲ್ಲ. ಆದ್ರ ಅವರು ಕೇಳಿದಾಗ ನಾನ ಯಮನಮ್ಮ ಅಂತೀನಿ. ತೋಳು ತೆರಿಯಂಗಿಲ್ಲ. ಸಾಕಲ್ಲ?"

ಅಕ್ಕ ತಬ್ಬಿಕೊಂಡಳು. ನಂಬೀನಿ, ನಿನ್ನ ನಂಬೀನಿ ಎಂದಳು. ಅಂಬರೀಶ ಮಾತ್ರ ನನ್ನ ತೋಳನ್ನೇ ನೋಡುತ್ತಿದ್ದ.

ಅರ್ಜಿ ಬರೆದವರು ಪಾಷಾ ಸಾಹೇಬರೇ ಇರಬೇಕು ಎಂದುಕೊಂಡು ಮರುದಿನ ರಾಯಚೂರಿಗೆ ಹೋದೆ. ಅವರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ, "ಬಾ ದಾನೇಶ್ವರಿ" ಎಂದರು. ಅರ್ಜಿ ನೀವೇ ಬರೆದಿರೇನು ಎಂದು ಕೇಳಿದೆ.

"ನಾ ಅಲ್ಲವ್ವಾ" ಎಂದರು. "ಪಂಪಾಪತಿ ಬಂದಿದ್ದ, ನೀವೂ ಸಹಿ ಹಾಕ್ರಿ ಅಂತ. ನಾ ಒಲ್ಲೆ ಅಂದದ್ದಕ್ಕ ತಾನೂ ಸಹಿ ಹಾಕದ ಕಳಿಸ್ಯಾನ. ಸನ್ಮಾನದಾಗ ನಿಮ್ಮಕ್ಕ ಅಂಬರೀಶ ಒಬ್ಬನೇ ನನ್ನ ಗುರು ಅಂದಳಂತ. ಮೊದಲನೇ ಗುರು ನಾನು, ನನ್ನ ಹೆಸರು ಹೇಳಲಿಲ್ಲ ಅಂತ ಅವಗ ಸಂಕಟ."

ನನ್ನ ಹೆಸರನ್ನು ಕದ್ದು ಬೇರೆಯವರಿಗೆ ಹಂಚಿದ ಮನುಷ್ಯನಿಗೆ ತನ್ನ ಹೆಸರು ಒಂದು ಸಭೆಯಲ್ಲಿ ಬಿಟ್ಟುಹೋದದ್ದಕ್ಕೆ ಸಂಕಟ! ಬಸ್ಸಿನಲ್ಲಿ ಮಾನ್ವಿವರೆಗೂ ಹಲ್ಲು ಕಡಿಯುತ್ತ ಬಂದೆ. ಆದರೂ ಅಕ್ಕನಿಗೆ ಕೊಟ್ಟ ಮಾತು ಮಾತೇ ಎಂದುಕೊಂಡೆ.

ವಿಚಾರಣೆ ತಾಲ್ಲೂಕು ಕ್ರೀಡಾಂಗಣದ ಚಿಕ್ಕ ಕೋಣೆಯಲ್ಲಿ ನಡೆಯಿತು. ಅಧಿಕಾರಿ ಹಳೆಯ ರೆಫರಿ, ಸಮಾಧಾನದ ಮನುಷ್ಯ. ಮೇಜಿನ ಆಚೆ ಅಕ್ಕ, ಗೋಡೆಗೆ ಒರಗಿ ಅಂಬರೀಶ. ಅಧಿಕಾರಿ ನನ್ನ ಹೆಸರು ಕೇಳಿದರು. ಯಮನಮ್ಮ ಎಂದೆ. ವಯಸ್ಸು ಕೇಳಿದರು. ಇಪ್ಪತ್ತೇಳು ಎಂದೆ. ದಾನೇಶ್ವರಿ ನಿಮಗೇನಾಗಬೇಕು ಎಂದರು. ತಂಗಿ ಎಂದೆ. ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ, ಹನ್ನೆರಡು ವರ್ಷದ ಅಭ್ಯಾಸ.

ಇನ್ನು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅವರು ಫೈಲಿನಿಂದ ಹಾಳೆಯೊಂದನ್ನು ತೆಗೆದರು. "ಅರ್ಜ್ಯಾಗ ನಿಮ್ಮ ಎಡಗೈ ಹಚ್ಚಿ ಬಗ್ಗೆ ಬರದಾರ. ನಿಮ್ಮ ತಂಗಿ ನಿನ್ನೆನ ಲಿಖಿತ ಹೇಳಿಕೆ ಕೊಟ್ಟಾರ್ರಿ. ಓದತೀನಿ, ಖರೆ ಇದ್ರ ಕೆಳಗ ಸಹಿ ಹಾಕ್ರಿ."

ಅವರು ಓದಿದರು: "ನನ್ನ ಅಕ್ಕ ಯಮನಮ್ಮ ಬಾಕ್ಸಿಂಗ್‌ನಲ್ಲಿ ಸೋತು ಬಿಟ್ಟವಳು. ನಾನು ಪ್ರಸಿದ್ಧಳಾದ ಮೇಲೆ ಅಭಿಮಾನದಿಂದ ನನ್ನ ಹೆಸರನ್ನು ತನ್ನ ಕೈಯ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾಳೆ. ಈಚೆಗೆ ಅವಳ ಮನಸ್ಸು ಸ್ಥಿಮಿತದಲ್ಲಿಲ್ಲ. ಹೊಟ್ಟೆಕಿಚ್ಚಿನಿಂದ ಈ ಅರ್ಜಿಯನ್ನು ಅವಳೇ ಬರೆದಿರಬಹುದು ಎಂಬ ಅನುಮಾನವಿದೆ."

ಅಧಿಕಾರಿ ಕನ್ನಡಕ ತೆಗೆದು ಕನಿಕರದಿಂದ ನನ್ನನ್ನು ನೋಡಿದರು. "ಅಭಿಮಾನ ಇರೋದು ತಪ್ಪಲ್ಲರೀ. ನಮ್ಮೂರ ಹುಡುಗ್ರು ಸಿನಿಮಾದವರ ಹೆಸರು ಎದಿ ಮ್ಯಾಲ ಹಾಕಿಸ್ಕೋತಾವ. ತಂಗಿ ಮ್ಯಾಲ ಅಷ್ಟು ಪ್ರೀತಿ ಇದ್ದಾಕಿ ಅರ್ಜಿ ಯಾಕ ಬರದ್ರಿ?"

ನಾನು ಅಕ್ಕನನ್ನು ನೋಡಿದೆ. ಅವಳು ತನ್ನ ಮಣಿಕಟ್ಟಿನ ಹುಲಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ನಾನು ಸುಳ್ಳು ಹೇಳುವುದಾಗಿ ಮಾತು ಕೊಟ್ಟಿದ್ದೆ, ಹೇಳಿಯೂ ಆಗಿತ್ತು. ಹೆಸರು ಕೊಟ್ಟೆ, ವಯಸ್ಸು ಕೊಟ್ಟೆ, ಮೂಗು ಕೊಟ್ಟೆ. ಮೈಮೇಲೆ ಉಳಿದಿದ್ದ ನಾಲ್ಕು ಅಕ್ಷರ ಮಾತ್ರ ನನ್ನವು ಎಂದುಕೊಂಡಿದ್ದೆ. ಅವಳು ಅವನ್ನೂ ತನ್ನ ಅಭಿಮಾನಿಯ ಹಚ್ಚೆ ಮಾಡಿಬಿಟ್ಟಿದ್ದಳು. ಅದೂ ನಿನ್ನೆ, ನಂಬೀನಿ ಎಂದು ತಬ್ಬಿಕೊಂಡು ಮೂರು ದಿನ ಕಳೆಯುವುದರೊಳಗೆ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಅಧಿಕಾರಿ ಪೆನ್ನು ಮುಂದೆ ಸರಿಸಿದರು. ಹಿಡಿದೆ. ಸಹಿಯ ಜಾಗದಲ್ಲಿ ತುದಿ ಊರಿದೆ. ಆಮೇಲೆ ಪೆನ್ನನ್ನು ಕೆಳಗಿಟ್ಟು ಎಡಗೈಯ ಗುಂಡಿ ಬಿಚ್ಚಿ, ತೋಳನ್ನು ಮೊಣಕೈವರೆಗೆ ಏರಿಸಿದೆ. ಕೈಯನ್ನು ಮೇಜಿನ ಮೇಲೆ, ಅವರ ಹಾಳೆಯ ಮೇಲೆಯೇ ಮಗುಚಿ ಇಟ್ಟೆ.

"ಸಾಹೇಬ್ರ, ದೊಡ್ಡಾಕಿ ಆದ ಮ್ಯಾಲ ಹಾಕಿಸ್ಕೊಂಡ ಹಚ್ಚಿ ಗೆರಿ ಸಣ್ಣಗ, ನೆಟ್ಟಗಿರತಾವ. ಇವನ್ನ ನೋಡ್ರಿ. ಅಕ್ಷರ ಹಿಗ್ಗ್ಯಾವ, ಬಣ್ಣ ಒಡದದ. ಸಣ್ಣ ಕೂಸಿನ ಕೈ ಮ್ಯಾಲ ಹಾಕಿದ್ದು ಇದು, ನನ್ನ ಜೋಡಿ ಬೆಳದದ. ನೀರಮಾನ್ವಿ ಎಲ್ಲಮ್ಮನ ಗುಡಿ ಮುಂದ ನಮ್ಮವ್ವ—"

"ದಾನೀ, ಬ್ಯಾಡಬೇ!"

ಅಕ್ಕ ಕುರ್ಚಿ ಬಿಟ್ಟು ಎದ್ದು ನಿಂತಿದ್ದಳು. ಬಾಯಿಂದ ಬಿದ್ದದ್ದು ಅವಳಿಗೇ ಆಮೇಲೆ ಕೇಳಿಸಿರಬೇಕು. ಕೈಯನ್ನು ಬಾಯಿಗೆ ಒಯ್ದಳು. ಅಂಬರೀಶ ಗೋಡೆಗೆ ಮುಖ ತಿರುಗಿಸಿದ.

ಅಧಿಕಾರಿ ಅವಳನ್ನು ನೋಡಿದರು. ಅವಳ ಹುಲಿಯನ್ನು ನೋಡಿದರು. ನಿಧಾನಕ್ಕೆ ಕೇಳಿದರು: "ಯಾರನ್ನ ಕರದ್ರಿ ನೀವು?"

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಕಾಲು ಕುರ್ಚಿಗೆ ತೊಡರಿತು, ಸುಣ್ಣದ ಗೆರೆಯ ಮೇಲೆ ತಿಂಗಳುಗಟ್ಟಲೆ ತಿದ್ದಿದ ಕಾಲು. ಹೋಗಿ ಹಿಡಿದುಕೊಳ್ಳಬೇಕು ಎನ್ನಿಸಿತು, ಹಿಡಿಯಲಿಲ್ಲ. ಹನ್ನೆರಡು ವರ್ಷ ಅವಳ ಬಾಯಿಂದ ಕೇಳಬೇಕು ಎಂದು ಕಾದ ಹೆಸರು ಅದು.

"ನನ್ನರೀ" ಎಂದೆ.